ಎಡವುಗಲ್ಲು: ಓದುವುದರಿಂದ ಹಿಡಿದು ಹೊಸದೊಂದನ್ನು ಇಡಿಸುವವರೆಗೆ

ಬರ್ಲಿನ್‌ನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಬಾಗಿಲೆದುರು, ಫುಟ್‌ಪಾತಿನಲ್ಲಿ, ನಾಲ್ಕು ಹಿತ್ತಾಳೆ ಬಿಲ್ಲೆಗಳಿದ್ದವು. ಅಂಗೈಯಗಲ. ಕಪ್ಪುಗಟ್ಟಿದ್ದವು. ನೀರಿನ ಪೈಪಿನದೋ ಗ್ಯಾಸಿನದೋ ಗುರುತಿರಬೇಕು ಅಂದುಕೊಂಡು ಮೂರು ತಿಂಗಳು ಅವುಗಳ ಮೇಲೇ ಓಡಾಡಿದೆ. ನವೆಂಬರ್ 9ರ ಸಂಜೆ ಎರಡನೇ ಮಹಡಿಯ ಅಜ್ಜಿ ಬಕೆಟ್ಟು, ಸ್ಪಂಜು ಹಿಡಿದು ಇಳಿದು ಬಂದರು. ಮಂಡಿಯೂರಿ ಕೂತು ತಿಕ್ಕತೊಡಗಿದರು. ಕಪ್ಪು ಹೋದ ಹಾಗೆ ಹೆಸರು ಕಂಡವು. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಚಿಕ್ಕ ಮಗುವಿನ ಹುಟ್ಟಿದ ವರ್ಷವನ್ನು ಸತ್ತ ವರ್ಷದಿಂದ ಕಳೆದೆ. ಏಳು.

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಅವತ್ತು ಆದ ಸಂಕಟ ಹೇಳತೀರದು. ಅಜ್ಜಿಯನ್ನು ಕೇಳಿದೆ, "ಹೆಸರನ್ನು ಹೀಗೆ ನೆಲದಲ್ಲಿ ಹಾಕಬಹುದಾ?" ಅವರು ತಲೆಯೆತ್ತದೆ ಇನ್ನೊಂದು ಸ್ಪಂಜು ನನ್ನ ಕೈಗಿಟ್ಟರು.

ಅಲ್ಲಿಂದ ಶುರುವಾದ ಕೆಲಸ ಇದು. ಹಿಟ್ಲರನ ನಾಜಿಗಳಿಂದ ಕೊಲೆಯಾದವರ, ಹಿಂಸೆ ಅನುಭವಿಸಿದವರ ನೆನಪಿಗೆ ಇಡುವ ಕಲ್ಲುಗಳು ಅವು. ಜರ್ಮನಿಗೆ ಓದಲು, ಕೆಲಸಕ್ಕೆ ಬಂದ ನಮ್ಮವರು ಆಗಾಗ ಕೇಳುತ್ತಿರುತ್ತಾರೆ: ಇವೇನು, ಹೇಗೆ ಓದೋದು, ನಮ್ಮ ಕಟ್ಟಡದಲ್ಲಿದ್ದವರಿಗೂ ಒಂದು ಇಡಿಸಬಹುದಾ ಅಂತ. ಇಡಿಸಬಹುದು. ಇಡಿಸುವವರು ಯಹೂದಿಯೇ ಆಗಿರಬೇಕಿಲ್ಲ, ಜರ್ಮನ್ ಪ್ರಜೆಯಾಗಿರಬೇಕಿಲ್ಲ. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಮೊದಲು, ಇದೇನು ಕಲ್ಲು

ಜರ್ಮನ್ನಿನಲ್ಲಿ ಇದರ ಹೆಸರು ಶ್ಟೋಲ್ಪರ್‌ಶ್ಟೈನ್. ಎಡವುಗಲ್ಲು ಅಂತಲೇ ಅರ್ಥ. ಹೆಸರಿಗೆ ಎಡವುಗಲ್ಲಾದರೂ ಕಾಲಿಗೆ ತಡೆಯಾಗದು, ಹಾಸುಗಲ್ಲಿನ ಮಟ್ಟಕ್ಕೇ ಸಮನಾಗಿ ಕೂತಿರುತ್ತದೆ. ಕೆಳಗೆ ಕಾಂಕ್ರೀಟಿನ ಗಟ್ಟಿ, ಸುಮಾರು 10 ಸೆಂಟಿಮೀಟರ್ ಎತ್ತರ. ಮೇಲೆ 96 ಮಿಲಿಮೀಟರ್ ಚದರದ ಹಿತ್ತಾಳೆ ತಗಡು. ತಗಡಿನ ಮೇಲೆ ಒಬ್ಬರ ಹೆಸರು. ಕೊಂದವರು ಲಕ್ಷಗಟ್ಟಲೆ ಲೆಕ್ಕದಲ್ಲಿ ಕೊಂದರು. ಇಲ್ಲಿ ಒಬ್ಬರಿಗೆ ಒಂದು ಕಲ್ಲು, ಅವರವರ ಮನೆಬಾಗಿಲಲ್ಲಿ.

ಇದನ್ನು ಶುರು ಮಾಡಿದವರು ಕಲಾವಿದ ಗುಂಟರ್ ಡೆಮ್ನಿಗ್. 1947ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಯುರೋಪಿನ ರೋಮಾ ಮತ್ತು ಸಿಂಟಿ ಸಮುದಾಯದ ಜನರನ್ನು ಪೋಲೆಂಡಿನ ಆಶ್‌ವಿಟ್ಸ್ ಕೊಲೆ ಶಿಬಿರಕ್ಕೆ ಸಾಗಿಸಲು ನಾಜಿ ಪೊಲೀಸ್ ಪಡೆಗಳ ಮುಖ್ಯಸ್ಥ ಹಿಮ್ಲರ್ ಆದೇಶ ಹೊರಡಿಸಿದ್ದು 1942ರ ಡಿಸೆಂಬರ್ 16ರಂದು. ಸರಿಯಾಗಿ ಐವತ್ತು ವರ್ಷದ ನಂತರ, 1992ರ ಅದೇ ದಿನ, ಕಲೋನ್ ನಗರಸಭೆಯ ಮುಂದೆ ಡೆಮ್ನಿಗ್ ಮೊದಲ ಕಲ್ಲಿಟ್ಟರು. 1996ರಲ್ಲಿ ಬರ್ಲಿನ್‌ನ ಕ್ರೊಯಿಟ್ಸ್‌ಬರ್ಗಿನಲ್ಲಿ ಹತ್ತಾರು ಕಲ್ಲು ಇಟ್ಟಾಗ ಯಾರ ಅನುಮತಿಯೂ ಇರಲಿಲ್ಲ, ಸುಮ್ನೆ ಇಟ್ಟುಬಿಟ್ಟರು. 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗಿನಲ್ಲಿ ಒಂದು ಲಕ್ಷನೆಯ ಕಲ್ಲು ಕೂತಿತು. ಬಹುಪಾಲು ಕಲ್ಲುಗಳು ಯಹೂದಿಗಳವು. ರೋಮಾ, ಸಿಂಟಿ, ರಾಜಕೀಯ ವಿರೋಧಿಗಳು, ಸಲಿಂಗಿಗಳು, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು, ಆಸ್ಪತ್ರೆಗಳಲ್ಲಿ ಕೊಲೆಯಾದ ಅಂಗವಿಕಲರು, ಇವರ ಹೆಸರೂ ಇವೆ.

ಹೆಜ್ಜೆ 1: ನಿಮ್ಮ ಬೀದಿಯಲ್ಲಿ ಹುಡುಕಿ

ಮೊದಲು ಕಣ್ಣು ನೆಲಕ್ಕೆ ಹಾಕಿ ನಡೆಯಿರಿ, ಅಷ್ಟೇ. ಅದು ಸಾಕಾಗದಿದ್ದರೆ ಬರ್ಲಿನ್, ಹ್ಯಾಂಬರ್ಗ್‌ನಂಥ ಊರುಗಳಿಗೆ ಬೀದಿ ಹೆಸರಿನಿಂದ ಹುಡುಕುವ ಜಾಲತಾಣಗಳಿವೆ, ಕಲ್ಲಿನ ಹಿಂದಿನ ಜೀವನಕತೆಯೂ ಅಲ್ಲಿರುತ್ತದೆ. ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯಕ್ಕೆ ಪ್ರತ್ಯೇಕ ಆ್ಯಪ್ ಇದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಈ ಕಲ್ಲುಗಳಿಗೆಂದೇ ಒಂದು ಗುರುತು ಇದೆ. ಸಾಫ್ಟ್‌ವೇರಿನವರು ವಾರಾಂತ್ಯದಲ್ಲಿ ಏನಾದರೂ ಮಾಡಬೇಕು ಅಂತಿದ್ದರೆ, ನಿಮ್ಮ ಬೀದಿಯ ಬಿಟ್ಟುಹೋದ ಕಲ್ಲುಗಳನ್ನು ಅಲ್ಲಿ ಸೇರಿಸಿ.

ಜರ್ಮನಿಯ ಆಚೆಯೂ ಇವೆ. ರೋಮ್‌ನಲ್ಲಿ 2010ರಿಂದ ಇವೆ. ಲಂಡನ್ನಿನ ಸೋಹೋದಲ್ಲಿ, ಗೋಲ್ಡನ್ ಸ್ಕ್ವೇರಿನಲ್ಲಿ, 2022ರಲ್ಲಿ ಬ್ರಿಟನ್ನಿನ ಮೊದಲ ಕಲ್ಲು ಕೂತಿತು. ಅದು ಆಡಾ ಫಾನ್ ಡಾಂಟ್‌ಸಿಗ್ ಎಂಬ ಡಚ್ ಯಹೂದಿ ಹೆಣ್ಣುಮಗಳದು. ಹಳೆಯ ವರ್ಣಚಿತ್ರಗಳನ್ನು ಸರಿಪಡಿಸುವುದು ಅವಳ ಕಸುಬು, ಆ ಕೆಲಸ ಮಾಡುತ್ತಿದ್ದ ಜಾಗದ ಮುಂದೆ ಕಲ್ಲಿದೆ. ವಿಯೆನ್ನಾದಲ್ಲಿ ಕಾಣುವ ಹಿತ್ತಾಳೆ ಫಲಕಗಳು ಬೇರೆ ಸಂಘದವು. ನೋಡಲು ಹತ್ತಿರ, ಪದ್ಧತಿ ಬೇರೆ.

ಹೆಜ್ಜೆ 2: ಓದಲು ಕಲಿಯಿರಿ

ಕಲ್ಲಿನ ಮೇಲೆ ಜಾಗ ಕಡಿಮೆ. ಪ್ರತಿ ಸಾಲಿಗೂ ಲೆಕ್ಕ ಇದೆ. ಭಾಷೆ ಬರದಿದ್ದರೂ ಏಳೆಂಟು ಪದ ಗೊತ್ತಿದ್ದರೆ ಯಾವ ಕಲ್ಲನ್ನಾದರೂ ಓದಬಹುದು.

ಮೊದಲ ಸಾಲು ಹೆಚ್ಚಾಗಿ "ಹೀರ್ ವೋಂಟ". ಇಲ್ಲಿ ವಾಸವಾಗಿದ್ದರು. ಶಾಲೆಯ ಮುಂದಿದ್ದರೆ "ಇಲ್ಲಿ ಕಲಿತರು", "ಇಲ್ಲಿ ಕಲಿಸಿದರು" ಅಂತಿರುತ್ತದೆ. ಎರಡನೆಯ ಸಾಲು ಹೆಸರು. ಹೆಂಗಸರ ಹೆಸರಿನ ಕೆಳಗೆ "ಗೆಬ್." ಅಂತ ಬಂದರೆ ಮುಂದಿರುವುದು ತವರುಮನೆಯ ಹೆಸರು. "ಯಾರ್‌ಗಾಂಗ್", ಚಿಕ್ಕದಾಗಿ "ಜೆ.ಜಿ." ಅಕ್ಷರಗಳು, ಹುಟ್ಟಿದ ವರ್ಷ. "ಡೆಪೋರ್ಟೀರ್ಟ್" ಅಂದರೆ ರೈಲಿನಲ್ಲಿ ಬಲವಂತವಾಗಿ ಸಾಗಿಸಿದ್ದು. ಪಕ್ಕದಲ್ಲಿ ವರ್ಷ, ಜಾಗ. ಕೊನೆಯ ಸಾಲು "ಎರ್‌ಮೋರ್ಡೆಟ್". ಕೊಲೆಯಾದರು. ತೀರಿಕೊಂಡರು ಅಂತ ಮೆತ್ತಗೆ ಹೇಳುವುದಿಲ್ಲ, ಗಮನಿಸಿ. "ಫ್ಲೂಖ್ಟ್" ಅಂದರೆ ಓಡಿಹೋದದ್ದು. ಅದೇ ಪದ "ಇನ್ ಡೆನ್ ಟೋಟ್" ಜೊತೆ ಬಂದರೆ ಸಾವಿನೊಳಕ್ಕೆ ಓಟ. ಪೊಲೀಸರು ಬರುವ ಮೊದಲೇ ಜೀವ ಕಳೆದುಕೊಂಡವರಿಗೆ ಈ ಸಾಲು. ಆತ್ಮಹತ್ಯೆ ಅಂತ ಬರೆಯುವುದಿಲ್ಲ. ಹಳೆಯ ಕೆಲವು ಕಲ್ಲುಗಳ ಕೊನೆಯಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇರುತ್ತದೆ. ಎಲ್ಲಿ, ಯಾವಾಗ ಅಂತ ಆಗ ಯಾರಿಗೂ ತಿಳಿದಿರಲಿಲ್ಲ.

ಊರಿನ ಹೆಸರುಗಳಲ್ಲಿ ಒಂದು ಗೋಜಲು. ಪೋಲೆಂಡಿನ ವೂಚ್ ನಗರವನ್ನು ನಾಜಿಗಳು ಲಿಟ್ಸ್‌ಮನ್‌ಶ್ಟಾಟ್ ಅಂತ ಕರೆದರು. ಲಿಥುವೇನಿಯಾದ ಕೌನಾಸ್‌ಗೆ ಕೋವ್ನೋ ಅನ್ನುವ ಹೆಸರೂ ಇತ್ತು. ಚೆಕ್ ನಾಡಿನ ತೆರೇಜಿನ್‌ಗೆ ಜರ್ಮನ್ನಿನಲ್ಲಿ ತೆರೇಸಿಯೆನ್‌ಶ್ಟಾಟ್. ಇವತ್ತಿನ ನಕ್ಷೆಯಲ್ಲಿ ಹುಡುಕುವಾಗ ಎರಡೂ ಹೆಸರು ನೆನಪಿಟ್ಟುಕೊಳ್ಳಿ.

ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. ಬರ್ಲಿನ್ನಿನ ಶಾರ್ಲೊಟನ್‌ಬರ್ಗಿನಲ್ಲಿ ವೀಲಾಂಡ್‌ಸ್ಟ್ರಾಸೆ 15ರ ಮುಂದೆ ಚಿತ್ರಕಾರ್ತಿ ಶಾರ್ಲೊಟ್ ಸಾಲೊಮೊನ್ ಅವರ ಕಲ್ಲಿದೆ. 1917ರಲ್ಲಿ ಹುಟ್ಟಿದವರು. 1939ರಲ್ಲಿ ಫ್ರಾನ್ಸಿಗೆ ಓಡಿಹೋದರು. ಅಲ್ಲಿ ನೂರಾರು ಚಿತ್ರ ಬರೆದರು. 1943ರ ಅಕ್ಟೋಬರಿನಲ್ಲಿ ಪ್ಯಾರಿಸ್ ಬಳಿಯ ದ್ರಾನ್ಸಿ ಶಿಬಿರದಿಂದ ಆಶ್‌ವಿಟ್ಸ್‌ಗೆ ಸಾಗಿಸಿ ಕೊಂದರು. ಆಗ ಬಸುರಿ. ಹಿಡಿದದ್ದು ಫ್ರಾನ್ಸಿನಲ್ಲಿ, ಕೊಂದದ್ದು ಪೋಲೆಂಡಿನಲ್ಲಿ, ಕಲ್ಲು ಇರುವುದು ಬರ್ಲಿನ್ನಿನಲ್ಲಿ. ಯಾಕೆ? ತಾವೇ ಇಷ್ಟಪಟ್ಟು ಇದ್ದ ಕೊನೆಯ ಮನೆಯ ಮುಂದೆ ಕಲ್ಲಿಡಬೇಕು ಅನ್ನುವುದು ನಿಯಮ. ಈ ನಿಯಮವನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಇದೇ ನಿಮ್ಮನ್ನು ಓಡಾಡಿಸುತ್ತದೆ.

ಹೆಜ್ಜೆ 3: ಬೆಳಗುವುದು

ಇದಕ್ಕೆ ಯಾರ ಅಪ್ಪಣೆಯೂ ಬೇಡ. ಜನ ಹೆಚ್ಚಾಗಿ ಬೆಳಗುವುದು ಎರಡು ದಿನ. ನವೆಂಬರ್ 9, 1938ರಲ್ಲಿ ಯಹೂದಿಗಳ ಪ್ರಾರ್ಥನಾಮಂದಿರ, ಅಂಗಡಿಗಳನ್ನು ಸುಟ್ಟು ಒಡೆದ ರಾತ್ರಿ. ಜನವರಿ 27, 1945ರಲ್ಲಿ ಆಶ್‌ವಿಟ್ಸ್ ಬಿಡುಗಡೆಯಾದ ದಿನ.

ಬೇಕಾದದ್ದು: ಒಂದು ಬಾಟಲಿ ನೀರು, ಎರಡು ಮೆತ್ತನೆ ಸ್ಪಂಜು, ಲೋಹ ಹೊಳಪಿಸುವ ಪೇಸ್ಟು, ಎರಡು ಹತ್ತಿ ಬಟ್ಟೆ, ಪೇಂಟರ್ ಟೇಪು, ಕೈಗವಸು. ಮಂಡಿಗೆ ಹಳೇ ದಿಂಬೊಂದು ಇರಲಿ. ನವೆಂಬರಿನ ಬರ್ಲಿನ್ ನೆಲ ಹೇಗಿರುತ್ತದೆ ಅಂತ ಗೊತ್ತಲ್ವಾ.

ಮೊದಲು ನೀರು ಹಾಕಿ ಮಣ್ಣು, ಮರಳು ತೊಳೆಯಿರಿ. ಮರಳಿದ್ದಾಗಲೇ ತಿಕ್ಕಿದರೆ ಗೀರು ಬೀಳುತ್ತದೆ. ಒರೆಸಿ ಒಣಗಿಸಿ. ಕಲ್ಲಿನ ಸುತ್ತ ಟೇಪು ಅಂಟಿಸಿ, ಇಲ್ಲದಿದ್ದರೆ ಪೇಸ್ಟಿನ ಕಪ್ಪು ಪಕ್ಕದ ಹಾಸುಗಲ್ಲಿಗೆ ಇಳಿದು ಕಲೆಯಾಗುತ್ತದೆ. ಕಡಲೆಕಾಳಿನಷ್ಟು ಪೇಸ್ಟು ಸಾಕು. ಸಣ್ಣ ಸುತ್ತಿನಲ್ಲಿ ಎರಡು ಮೂರು ನಿಮಿಷ ತಿಕ್ಕಿ. ಸ್ಪಂಜು ಕರಿ ಆಗುತ್ತದೆ, ಆಗಲಿ. ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಅಕ್ಷರಗಳ ಗುಂಡಿಯಲ್ಲಿ ಸ್ವಲ್ಪ ಕಪ್ಪು ಉಳಿದರೆ ಹಾಗೇ ಬಿಡಿ, ಓದಲು ಅದೇ ಅನುಕೂಲ.

ನಮ್ಮವರಿಗೆ ಒಂದು ಎಚ್ಚರಿಕೆ. ಹಿತ್ತಾಳೆ ಕಂಡ ಕೂಡಲೇ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ನಾನೂ ಒಮ್ಮೆ ಡಬ್ಬಿಯಲ್ಲಿ ನೆನೆಸಿಕೊಂಡು ಹೋಗಿದ್ದೆ. ಮನೆಯ ದೀಪವನ್ನಾದರೆ ತಿಕ್ಕಿ ಕೂಡಲೇ ನಲ್ಲಿ ಕೆಳಗೆ ಹಿಡಿಯುತ್ತೀರಿ. ಇಲ್ಲಿ ಹುಳಿ ಸಂದಿನಲ್ಲಿ ಉಳಿಯುತ್ತದೆ. ಹಿತ್ತಾಳೆ ಕೆಂಪಗಾಗುತ್ತದೆ, ಸುತ್ತಲಿನ ಸಿಮೆಂಟನ್ನೂ ಹುಳಿ ತಿನ್ನುತ್ತದೆ. ನಿಂಬೆ, ವಿನೆಗರ್ ಕೂಡ ಬೇಡ. ತಂತಿ ಬ್ರಷ್ಷಂತೂ ಬೇಡವೇ ಬೇಡ.

ಬೆಳಗಿದ ಮೇಲೆ ಹೆಸರನ್ನು ಗಟ್ಟಿಯಾಗಿ ಓದುವವರಿದ್ದಾರೆ. ಗಾಜಿನ ಲೋಟದಲ್ಲಿ ಮೇಣದ ಬತ್ತಿ, ಒಂದು ಬಿಳಿ ಗುಲಾಬಿ ಇಡುವುದು ರೂಢಿ. ಹೂವನ್ನು ಗೋಡೆಯ ಕಡೆ ಇಡಿ. ತುಳಿದು ಯಾರಾದರೂ ಜಾರಿದರೆ ಕಷ್ಟ.

ಹೆಜ್ಜೆ 4: ಯಾರಿಗೆ ಕಲ್ಲು ಇನ್ನೂ ಇಲ್ಲ

ಹೊಸ ಕಲ್ಲಿನ ಕೆಲಸ ಇಲ್ಲಿಂದ ಶುರು. ನಿಮ್ಮ ಕಟ್ಟಡದ ವಿಳಾಸ ಹಿಡಿದು ಹೊರಡಿ. 1939ರ ಮೇ 17ರಂದು ಜರ್ಮನಿಯಲ್ಲಿ ಜನಗಣತಿ ನಡೆಯಿತು. ಆಗ ಪ್ರತಿ ಮನೆಯಲ್ಲೂ ಒಂದು ಹೆಚ್ಚುವರಿ ಚೀಟಿ ತುಂಬಬೇಕಿತ್ತು: ನಿಮ್ಮ ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರಲ್ಲಿ ಯಹೂದಿಗಳು ಯಾರು? ಆ ಚೀಟಿಗಳ ಮಾಹಿತಿ ಇವತ್ತು ವಿಳಾಸದ ಪ್ರಕಾರ ಜಾಲದಲ್ಲಿ ಸಿಗುತ್ತದೆ. ಯಹೂದಿಗಳನ್ನು ಗುರುತಿಸಲು ಮಾಡಿದ ಪಟ್ಟಿಯೇ ಈಗ ಅವರನ್ನು ನೆನೆಯಲು ನೆರವಾಗುತ್ತಿದೆ. ಮೊದಲ ಸಲ ನಮ್ಮ ಮನೆ ನಂಬರ್ ಹಾಕಿ ಹುಡುಕಿದಾಗ ಹನ್ನೊಂದು ಹೆಸರು ಬಂತು. ಕಲ್ಲು ಇದ್ದದ್ದು ನಾಲ್ಕು.

ಇಲ್ಲಿ ನಿಲ್ಲಿ. ಆ ಪಟ್ಟಿಯಲ್ಲಿರುವ ವಿಳಾಸ ಅವರು ಇಷ್ಟಪಟ್ಟು ಇದ್ದ ಮನೆಯೇ? 1939ರಿಂದ ಯಹೂದಿ ಬಾಡಿಗೆದಾರರ ರಕ್ಷಣೆ ಕಿತ್ತುಹಾಕಿ, ಅವರನ್ನು ಕೆಲವೇ ಕಟ್ಟಡಗಳಿಗೆ ತುಂಬಿದರು. ಒಂದು ಕೋಣೆಗೆ ಒಂದು ಸಂಸಾರ. ಅಂಥ ಕಟ್ಟಡಗಳಿಗೆ "ಯೂಡೆನ್‌ಹೌಸ್", ಅಂದರೆ ಯಹೂದಿ ಮನೆ, ಅನ್ನುತ್ತಿದ್ದರು. ಸಾಗಣೆಯ ಪಟ್ಟಿಯಲ್ಲಿ ಸಿಗುವ ಕೊನೆಯ ವಿಳಾಸ ಬಹಳ ಸಲ ಇಂಥದ್ದೇ. ಅಲ್ಲಿಂದ ಹಿಂದಕ್ಕೆ ಹೋಗಿ ಅದಕ್ಕೂ ಮೊದಲಿನ ಮನೆ ಹುಡುಕಬೇಕು.

ಹೆಜ್ಜೆ 5: ದಾಖಲೆ ಹುಡುಕುವುದು

ಹೆಚ್ಚು ಸಮಯ ಹಿಡಿಯುವುದು ಇದೇ. ಸಂಜೆ ಹೊತ್ತು ಕೂತು ಮಾಡಿದರೆ ಒಂದು ಕುಟುಂಬಕ್ಕೆ ಆರು ತಿಂಗಳು ಅಂತಿಟ್ಟುಕೊಳ್ಳಿ.

ಶುರುವಿಗೆ ಜರ್ಮನಿಯ ಫೆಡರಲ್ ದಾಖಲೆ ಭಂಡಾರ, ಅಂದರೆ ಬುಂಡೆಸ್‌ಆರ್ಖೀವ್, ಇಟ್ಟಿರುವ ಸ್ಮರಣ ಪುಸ್ತಕ ನೋಡಿ. ಜಾಲದಲ್ಲೇ ಇದೆ. ಹೆಸರು, ಹುಟ್ಟಿದ ದಿನ, ಯಾವ ದಿನ ಎಲ್ಲಿಂದ ಎಲ್ಲಿಗೆ ಸಾಗಿಸಿದರು ಅನ್ನುವುದು ಸಿಗುತ್ತದೆ. ಆಮೇಲೆ ಬಾಡ್ ಆರೋಲ್ಸೆನ್ ಊರಿನ ಆರೋಲ್ಸೆನ್ ಆರ್ಕೈವ್ಸ್. ಸುಮಾರು 1.75 ಕೋಟಿ ಜನರ ಬಗ್ಗೆ 3 ಕೋಟಿ ದಾಖಲೆಗಳಿವೆ. ಬಹಳಷ್ಟನ್ನು ಮನೆಯಲ್ಲೇ ಕೂತು ನೋಡಬಹುದು, ಪತ್ರ ಬರೆದು ಕೇಳಿದರೂ ದುಡ್ಡಿಲ್ಲ. ಮೂರನೆಯದು ಜೆರೂಸಲೇಮಿನ ಯಾದ್ ವಾಶೆಮ್ ಎಂಬ ಸ್ಮಾರಕ ಸಂಸ್ಥೆ. ಅಲ್ಲಿ "ಸಾಕ್ಷ್ಯ ಪುಟ"ಗಳಿವೆ. ಬದುಕುಳಿದ ಅಣ್ಣನೋ ಅತ್ತೆಯೋ ನೆರೆಯವರೋ ಕೈಯಾರೆ ತುಂಬಿದ ಹಾಳೆಗಳು. ತುಂಬಿದವರ ಹೆಸರು ಕೆಳಗೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಬಂಧುಗಳನ್ನು ಹುಡುಕುವಾಗ ಕೈಗೆ ಬರುವ ಮೊದಲ ದಾರ ಅದು.

ಬರ್ಲಿನ್ ಕುಟುಂಬವಾದರೆ ಪಾಟ್ಸ್‌ಡಾಮಿನ ಕಡತಗಳನ್ನು ನೋಡಲೇಬೇಕು. ಬ್ರಾಂಡೆನ್‌ಬರ್ಗ್ ರಾಜ್ಯದ ದಾಖಲೆ ಭಂಡಾರದಲ್ಲಿ "ಆಸ್ತಿ ಘೋಷಣೆ" ಕಡತಗಳಿವೆ. ಸಾಗಿಸುವ ಮುಂಚೆ ಪ್ರತಿಯೊಬ್ಬರ ಕೈಲೂ 16 ಪುಟದ ಅರ್ಜಿ ತುಂಬಿಸುತ್ತಿದ್ದರು. ನಾನು ನೋಡಿದ ಕಡತ ಒಬ್ಬ ಹೊಲಿಗೆ ಹೆಂಗಸಿನದು. ಕುರ್ಚಿ ಎರಡು. ದಿಂಬಿನ ಚೀಲ ನಾಲ್ಕು. ಟೀ ಸೋಸುವ ಜಾಲರಿ ಒಂದು. ಹೊಲಿಗೆ ಯಂತ್ರದ ಮುಂದೆ ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದರು. ಆಮೇಲಿನ ಹಾಳೆಗಳು ಬೇರೆಯವರವು. ಬೆಲೆ ಕಟ್ಟುವ ಅಧಿಕಾರಿ ಬಂದು ಎಲ್ಲಕ್ಕೂ ಸೇರಿ ಒಂದು ಮೊತ್ತ ಹಾಕಿದ್ದ. ಮನೆ ಮಾಲೀಕ ಕಾಗದ ಬರೆದಿದ್ದ: ಬಾಡಿಗೆದಾರಳು ಹೊರಟುಹೋದ ಮೇಲೆ ಮನೆಗೆ ಬೀಗ, ಎರಡು ತಿಂಗಳ ಬಾಡಿಗೆ ಯಾರು ಕೊಡುತ್ತಾರೆ? ಕೊನೆಯಲ್ಲಿ ಬಾಕಿ ಗ್ಯಾಸ್ ಬಿಲ್ಲು. ಇಂಥ ಬಿಲ್ಲುಗಳು ಈ ಕಡತಗಳಲ್ಲಿ ಎಷ್ಟೋ ಸಿಗುತ್ತವೆ. ನಾನು ಆ ದಿನ ಮಧ್ಯಾಹ್ನದ ನಂತರ ಇನ್ನೊಂದು ಕಡತ ತೆರೆಯಲಿಲ್ಲ. ನೀವೂ ದಿನಕ್ಕೆ ಒಂದೇ ಇಟ್ಟುಕೊಳ್ಳಿ.

ಕಾಗದದ ಭಾಷೆಯನ್ನು ನಂಬಬೇಡಿ. "ವಲಸೆ ಹೋದರು", "ಸ್ಥಳಾಂತರಗೊಂಡರು", "ಎಲ್ಲಿಗೆ ಅಂತ ತಿಳಿಯದು" ಅಂತೆಲ್ಲ ಬರೆದಿರುತ್ತಾರೆ. ರೈಲು ಹೊರಟ ದಿನದ ಕಾಗದ ಅದು. ಹಾಗೆಯೇ ಸಾವಿನ ದಿನ 8 ಮೇ 1945 ಅಂತ ಕಂಡರೆ ಕಲ್ಲಿಗೆ ಹಾಕಬೇಡಿ. ಯುದ್ಧ ಮುಗಿದ ಮೇಲೆ, ಮರಳಿ ಬಾರದವರು ಸತ್ತರೆಂದು ಘೋಷಿಸುವಾಗ ಕೋರ್ಟುಗಳು ಎಷ್ಟೋ ಸಲ ಯುದ್ಧದ ಕೊನೆಯ ದಿನವನ್ನೇ ಬರೆದುಬಿಟ್ಟವು. ಇನ್ನೊಂದು: 1939ರ ಜನವರಿಯಿಂದ ಯಹೂದಿ ಗಂಡಸರು "ಇಸ್ರಾಯೆಲ್", ಹೆಂಗಸರು "ಸಾರಾ" ಅನ್ನುವ ಹೆಸರನ್ನು ಕಡ್ಡಾಯವಾಗಿ ಸೇರಿಸಿಕೊಳ್ಳಬೇಕಿತ್ತು. ದಾಖಲೆಯಲ್ಲಿ ನಡುವೆ ಅದು ಕಂಡರೆ ತೆಗೆದುಹಾಕಿ. ಅಪ್ಪ ಅಮ್ಮ ಇಟ್ಟ ಹೆಸರು ಮಾತ್ರ ಕಲ್ಲಿಗೆ.

ಒಂದೊಂದು ಸಲ ರೈಲೇ ಸಾವಿನ ದಿನ ಹೇಳುತ್ತದೆ. 1941ರ ನವೆಂಬರ್ 27ರಂದು ಬರ್ಲಿನ್ನಿನಿಂದ ಲಾಟ್ವಿಯಾದ ರೀಗಾಕ್ಕೆ ಹೊರಟ ರೈಲಿನವರನ್ನು ನವೆಂಬರ್ 30ರ ಬೆಳಿಗ್ಗೆ ಇಳಿಸಿ ರುಂಬುಲಾ ಕಾಡಿನಲ್ಲಿ ಗುಂಡಿಟ್ಟು ಕೊಂದರು. ಆ ಪಟ್ಟಿಯಲ್ಲಿ ಹೆಸರಿದ್ದರೆ ದಿನ ಗೊತ್ತಾದ ಹಾಗೆ. ಬರ್ಲಿನ್ನಿನ ಗ್ರುನೆವಾಲ್ಡ್ ಸ್ಟೇಷನ್ನಿನ 17ನೇ ಪ್ಲಾಟ್‌ಫಾರ್ಮಿಗೆ ಒಮ್ಮೆ ಹೋಗಿ ಬನ್ನಿ. ಉಕ್ಕಿನ ಅಂಚಿನ ಮೇಲೆ ಬರ್ಲಿನ್ನಿನಿಂದ ಹೊರಟ ರೈಲುಗಳ ತಾರೀಖು, ಜನರ ಸಂಖ್ಯೆ, ಊರು ಕೆತ್ತಿದ್ದಾರೆ. 1941ರ ಅಕ್ಟೋಬರ್ 18ರಿಂದ ಶುರು.

ಈಗ ವಿಳಾಸದ ವಿಷಯ. ನಾನು ಇಲ್ಲೇ ಎಡವಿದ್ದು, ಅದೂ ಎರಡು ಸಲ. ಎಡವಿದ ಕಾಲೇ ಎಡವುತ್ತದೆ ಅನ್ನುವುದು ಸುಳ್ಳಲ್ಲ. ಹಳೆಯ ವಿಳಾಸ ಪುಸ್ತಕಗಳು ಸ್ಕ್ಯಾನ್ ಆಗಿ ಸಿಗುತ್ತವೆ. ಅದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಹೆಂಡತಿ, ಮಕ್ಕಳು, ಒಳಬಾಡಿಗೆಯವರು ಇರುವುದಿಲ್ಲ. ಗಂಡ ಸತ್ತ ಮೇಲೆ ಹೆಂಡತಿಯ ಹೆಸರು ಏಕಾಏಕಿ ಪ್ರತ್ಯಕ್ಷವಾಗುತ್ತದೆ. ಅದು ತಿಳಿಯದೆ "ಇವರು ಇಲ್ಲಿರಲಿಲ್ಲ" ಅಂತ ನಾನು ಒಂದು ಮನೆಯನ್ನೇ ಕೈಬಿಟ್ಟಿದ್ದೆ. ಎರಡನೆಯ ಸಲ ಮನೆ ನಂಬರು ಕೈಕೊಟ್ಟಿತು. ಬರ್ಲಿನ್ನಿನ ಹಳೆಯ ಬೀದಿಗಳಲ್ಲಿ ನಂಬರು ಒಂದು ಬದಿಯಲ್ಲಿ ಏರುತ್ತ ಹೋಗಿ, ಬೀದಿಯ ತುದಿಯಲ್ಲಿ ದಾಟಿ, ಇನ್ನೊಂದು ಬದಿಯಲ್ಲಿ ಹಿಂದಿರುಗುತ್ತದೆ. ಕುದುರೆ ಲಾಳದ ಹಾಗೆ. 5ರ ಎದುರಿಗೆ 90 ಇದ್ದರೂ ಆಶ್ಚರ್ಯವಿಲ್ಲ. ಬೀದಿಯ ಹೆಸರೂ ಬದಲಾಗಿರಬಹುದು, ನಾಜಿಗಳ ಕಾಲದಲ್ಲೊಮ್ಮೆ, ಆಮೇಲೊಮ್ಮೆ. ಬಾಂಬಿಗೆ ಸಿಕ್ಕಿ ಮನೆ ಇಲ್ಲವಾಗಿ ಅಲ್ಲಿ ಈಗ ಸೂಪರ್ ಮಾರ್ಕೆಟ್ ಇರಬಹುದು. ಹಳೆಯ ನಕ್ಷೆಯನ್ನು ಹೊಸದರ ಮೇಲಿಟ್ಟು ನೋಡದೆ ಜಾಗ ಹೇಳಬೇಡಿ.

ಹೆಜ್ಜೆ 6: ಬಂಧುಗಳು

ಕುಟುಂಬದವರು ಯಾರಾದರೂ ಇದ್ದಾರಾ ಅಂತ ಮನಸ್ಸಿಟ್ಟು ಹುಡುಕಿ. ಇಸ್ರೇಲ್, ಅಮೆರಿಕ, ಅರ್ಜೆಂಟೀನಾ, ಎಲ್ಲಿ ಬೇಕಾದರೂ ಇರಬಹುದು. ಮೊದಲ ಕಾಗದ ಚಿಕ್ಕದಿರಲಿ. ನೀವು ಯಾರು, ಯಾವ ಮನೆಯಲ್ಲಿದ್ದೀರಿ, ಏನು ಮಾಡಬೇಕೆಂದಿದ್ದೀರಿ. ದಾಖಲೆಗಳನ್ನು ಮೊದಲ ಕಾಗದಕ್ಕೇ ಲಗತ್ತಿಸಬೇಡಿ. ಅಜ್ಜಿಯ ಸಾವಿನ ವಿವರವನ್ನು ಅಪರಿಚಿತನೊಬ್ಬ ಇಮೇಲಿಗೆ ಅಂಟಿಸಿ ಕಳಿಸಿದರೆ ತೆರೆದವರಿಗೆ ಹೇಗಾಗಬೇಡ!

ಬೇಡ ಅಂದರೆ ಬೇಡ. ಹಾಗೆ ಹೇಳುವವರೂ ಇದ್ದಾರೆ, ಅವರ ಕಾರಣ ಕೇಳುವ ಹಕ್ಕು ನಮಗಿಲ್ಲ.

ಬದುಕುಳಿದವರನ್ನೂ ಮರೆಯಬೇಡಿ. ಡೆಮ್ನಿಗ್ ಅವರ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಕುಟುಂಬವನ್ನು ಮತ್ತೆ ಒಟ್ಟಿಗೆ ಸೇರಿಸಬೇಕು ಅನ್ನುತ್ತಾರೆ ಅವರು. ಯುದ್ಧಕ್ಕೆ ಮೊದಲು ಯಹೂದಿ ಮಕ್ಕಳನ್ನು ಪಾರುಮಾಡಿದ ರೈಲಿನಲ್ಲಿ ಇಂಗ್ಲೆಂಡಿಗೆ ಹೋಗಿ ಉಳಿದುಕೊಂಡ ಮಗಳಿಗೂ ಅಪ್ಪ ಅಮ್ಮನ ಪಕ್ಕದಲ್ಲೇ ಕಲ್ಲು ಇಡುತ್ತಾರೆ. ಕೊನೆಯ ಸಾಲಲ್ಲಿ "ಊಬರ್‌ಲೇಬ್ಟ್", ಬದುಕುಳಿದರು. ಸ್ಟೇಷನ್ನಿನಲ್ಲಿ ಬೇರೆಯಾದ ಸಂಸಾರ ಒಂದೇ ಬಾಗಿಲ ಮುಂದೆ ಕೂಡಿಕೊಳ್ಳುತ್ತದೆ.

ಹೆಜ್ಜೆ 7: ಅರ್ಜಿ, ಅನುಮತಿ, ದುಡ್ಡು

ನೇರವಾಗಿ ಕಲಾವಿದರಿಗೆ ಬರೆಯುವ ಮೊದಲು ನಿಮ್ಮ ಊರಿನ ಸ್ಥಳೀಯ ಗುಂಪನ್ನು ಹಿಡಿಯಿರಿ. ಬರ್ಲಿನ್ನಿಗೆ ಒಂದು ಸಮನ್ವಯ ಕಚೇರಿಯೇ ಇದೆ. ಬೇರೆ ಯಾರಾದರೂ ಅದೇ ಕುಟುಂಬದ ಮೇಲೆ ಕೆಲಸ ಮಾಡುತ್ತಿದ್ದರೆ ಅಲ್ಲಿ ತಿಳಿಯುತ್ತದೆ. ಫುಟ್‌ಪಾತು ಊರಾಡಳಿತದ್ದು. ಅನುಮತಿ ಅವರದೇ ಬೇಕು. ಮನೆ ಮಾಲೀಕರಿಗೂ ನೆರೆಯವರಿಗೂ ಮೊದಲೇ ಹೇಳಿ, ಕೇಳುವುದಕ್ಕಲ್ಲ, ತಿಳಿಸುವುದಕ್ಕೆ. ನಮ್ಮ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿದ್ದೆ. ವಾರದಲ್ಲಿ ಮೂರು ಮನೆಯವರು ದುಡ್ಡು ಸೇರಿಸಲು ಬಂದರು.

ದುಡ್ಡು ಅಂದರೆ, ಜರ್ಮನಿಯಲ್ಲಿ ಒಂದು ಕಲ್ಲಿಗೆ ಹಲವು ವರ್ಷ 120 ಯೂರೋ ಇತ್ತು. ಈಗಿನ ದರ ಅರ್ಜಿ ಹಾಕುವಾಗ ಕೇಳಿಕೊಳ್ಳಿ. ತಿಂಗಳುಗಟ್ಟಲೆ, ಊರಿನ ಮೇಲೆ ಹೋಗಿ ವರ್ಷಕ್ಕೂ ಜಾಸ್ತಿ ಕಾಯಬೇಕಾಗುತ್ತದೆ. ಕಾಯುವುದಕ್ಕೆ ಕಾರಣ ಇದೆ. ಬರ್ಲಿನ್ನಿನ ಶಿಲ್ಪಿ ಮಿಖಾಯೆಲ್ ಫ್ರೀಡ್‌ರಿಖ್ಸ್-ಫ್ರೀಡ್‌ಲೆಂಡರ್ 2005ರಿಂದ ಈ ಅಕ್ಷರಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಗಡಿಗೆ ಹೊಡೆಯುತ್ತಾ ಬಂದವರು. ಕಾರ್ಖಾನೆಯ ರೀತಿಯಲ್ಲಿ ಕೊಲೆಯಾದವರ ಹೆಸರನ್ನು ಕಾರ್ಖಾನೆಯಲ್ಲಿ ಅಚ್ಚು ಹಾಕಬಾರದು ಅನ್ನುವ ಹಟ.

ಮ್ಯೂನಿಕ್ಕಿನಲ್ಲಿರುವವರಿಗೆ ಬೇರೆ ದಾರಿ. ಅಲ್ಲಿ ಸಾರ್ವಜನಿಕ ನೆಲದಲ್ಲಿ ಈ ಕಲ್ಲು ಇಡುವಂತಿಲ್ಲ. 2004ರಲ್ಲೂ 2015ರಲ್ಲೂ ನಗರಸಭೆ ಬೇಡ ಅಂದಿತು. ಮುಂದೆ ನಿಂತು ವಿರೋಧಿಸಿದವರು ಅಲ್ಲಿನ ಯಹೂದಿ ಸಮುದಾಯದ ಹಿರಿಯೆ ಶಾರ್ಲೊಟ್ ಕ್ನೋಬ್ಲೋಖ್, ತಾವೇ ಆ ಕಾಲದಲ್ಲಿ ಅಡಗಿಕೊಂಡು ಬದುಕುಳಿದವರು. ಕೊಲೆಯಾದವರ ಹೆಸರನ್ನು ಮತ್ತೆ ಕಾಲಡಿ ತುಳಿಯುತ್ತಾರೆ ಅನ್ನುವುದು ಅವರ ಮಾತು. ಇದು ನಾನು ಅಜ್ಜಿಯನ್ನು ಕೇಳಿದ ಪ್ರಶ್ನೆಯೇ. ಎದುರು ವಾದವೂ ಇದೆ: ಓದಬೇಕಾದರೆ ಬಾಗಲೇಬೇಕು, ಬಾಗುವುದೇ ನಮಸ್ಕಾರ. ನನಗೆ ಎರಡೂ ಸರಿ ಅನ್ನಿಸುತ್ತದೆ. ಕಲ್ಲಿಗಾಗಿ ಇಷ್ಟು ಓಡಾಡಿದ ಮೇಲೂ ಹೆಸರಿನ ಮೇಲೆ ಕಾಲಿಡಲು ನನಗಾಗದು, ಸುತ್ತಿಕೊಂಡೇ ಹೋಗುತ್ತೇನೆ. ಮ್ಯೂನಿಕ್ಕಿನಲ್ಲಿ 2018ರಿಂದ ಗೋಡೆ ಮೇಲೆ ಫಲಕ, ಇಲ್ಲವೇ ಕಂಬದ ಮೇಲೆ ಹೆಸರು ಹಾಕಿಸುತ್ತಾರೆ. ಅರ್ಜಿ ನಗರಸಭೆಗೇ. ಹುಡುಕುವ ಕೆಲಸ ಮೇಲೆ ಹೇಳಿದ್ದೇ.

ಹೆಜ್ಜೆ 8: ಕಲ್ಲಿನ ಮೇಲಿನ ಮಾತು

ಕೊನೆಯ ಪಠ್ಯವನ್ನು ಕಲಾವಿದರ ಕಡೆಯವರೇ ಸರಿಪಡಿಸುತ್ತಾರೆ. ಆದರೂ ನೀವು ಕಳಿಸುವಾಗ ಎರಡು ವಿಷಯ ನೋಡಿ. ಒಂದು, ಹೆಸರಿನ ಅಕ್ಷರ. ಹುಟ್ಟಿನ ದಾಖಲೆ, ಸಹಿ, ಸಾಗಣೆ ಪಟ್ಟಿ ಮೂರರಲ್ಲಿ ಮೂರು ತರ ಇದ್ದರೆ ಅವರೇ ಸಹಿ ಮಾಡಿದ ರೂಪ ಇಟ್ಟುಕೊಳ್ಳಿ, ಬಂಧುಗಳಿದ್ದರೆ ಅವರನ್ನು ಕೇಳಿ. ಎರಡು, ನಾಜಿಗಳ ಶಬ್ದ ಬಳಸಬೇಡಿ. ನಾಜಿ ಕೋರ್ಟು ಹೊರಿಸಿದ ಅಪರಾಧದ ಹೆಸರನ್ನೇ ಕೆಲವು ಕಲ್ಲುಗಳ ಮೇಲೆ ಹಾಕಿದ್ದರು. ಕುಟುಂಬದವರು ನೊಂದುಕೊಂಡರು, ದೊಡ್ಡ ಜಗಳವೇ ಆಯಿತು. ಉದ್ಧರಣ ಚಿಹ್ನೆಯೊಳಗೆ ಹಾಕಿದರೂ ಬಾಗಿಲ ಮುಂದೆ ಓದುವವನಿಗೆ ಕಾಣುವುದು ಬೈಗುಳವೇ ಅಲ್ವಾ?

ಹೆಜ್ಜೆ 9: ಇಡುವ ದಿನ

ಇಪ್ಪತ್ತು ನಿಮಿಷದ ಕೆಲಸ. ಕಲಾವಿದರೇ ಬರಬಹುದು, ಇಲ್ಲವೇ ಊರಾಡಳಿತದ ಕೆಲಸಗಾರರು ಇಡುತ್ತಾರೆ. ಹಾಸುಗಲ್ಲು ಕಿತ್ತು ಗುಂಡಿ ಮಾಡುತ್ತಾರೆ. ಕಲ್ಲು ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿ ಮಟ್ಟ ಮಾಡುತ್ತಾರೆ. ಸಂದಿಗೆ ಮರಳು, ಸಿಮೆಂಟು ಗುಡಿಸಿ ನೀರು ಹಾಕುತ್ತಾರೆ. ಒಂದು ಬಟ್ಟೆಯಿಂದ ಒರೆಸುತ್ತಾರೆ.

ಭಾಷಣ ಇಟ್ಟುಕೊಳ್ಳಬೇಡಿ. ಬೇಕಾದರೆ ಒಬ್ಬರು ಐದು ನಿಮಿಷ ಜೀವನಕತೆ ಓದಲಿ. ಬಂಧುಗಳು ಬಂದಿದ್ದರೆ ಅವರೇ ನಿರ್ಧರಿಸಲಿ, ಸತ್ತವರಿಗಾಗಿ ಹೇಳುವ ಕಾದಿಶ್ ಪ್ರಾರ್ಥನೆ ಹೇಳಬಹುದು, ಹೇಳದೆಯೂ ಇರಬಹುದು. ಮೊಬೈಲನ್ನು ಅವರ ಮುಖಕ್ಕೆ ಹಿಡಿಯಬೇಡಿ. ಮಕ್ಕಳಿದ್ದರೆ ಕರೆದುಕೊಂಡು ಬನ್ನಿ. ನಮ್ಮ ಕಲ್ಲಿನ ದಿನ ನನ್ನ ಮಗಳು, ಆಗ ಒಂದನೇ ಕ್ಲಾಸು, ಹೊಸ ಹಿತ್ತಾಳೆಯಲ್ಲಿ ತನ್ನ ಮುಖ ನೋಡಿಕೊಂಡಳು.

ಹೆಜ್ಜೆ 10: ಆಮೇಲೆ

ಫೋಟೋ ತೆಗೆದು, ಜಾಗದ ಗುರುತು ಸಮೇತ ಸ್ಥಳೀಯ ಗುಂಪಿಗೆ ಕಳಿಸಿ. ನಿಮ್ಮ ಕಡತದ ಒಂದು ಪ್ರತಿಯನ್ನೂ ಕೊಡಿ. ಇನ್ನೊಬ್ಬರು ಮತ್ತೆ ಸೊನ್ನೆಯಿಂದ ಶುರು ಮಾಡುವುದು ತಪ್ಪುತ್ತದೆ.

ಫುಟ್‌ಪಾತು ಅಗೆಯಲು ಬಂದವರು ಕಲ್ಲನ್ನು ಎತ್ತಿಟ್ಟಿದ್ದಾರಾ ಅಂತ ಆ ದಿನವೇ ವಿಚಾರಿಸಿ. ಕದಿಯುವವರೂ ಇದ್ದಾರೆ. 2012ರ ನವೆಂಬರ್ 9ರ ಹೊತ್ತಿಗೆ ಗ್ರೈಫ್ಸ್‌ವಾಲ್ಡ್ ಊರಿನ ಹನ್ನೊಂದೂ ಕಲ್ಲು ಕಳುವಾದವು. 2018ರ ಡಿಸೆಂಬರಿನಲ್ಲಿ ರೋಮ್‌ನ ಒಂದೇ ಬೀದಿಯಲ್ಲಿ ಇಪ್ಪತ್ತು. 2024ರ ಅಕ್ಟೋಬರ್ 7ರಂದು ತ್ಸೈಟ್ಸ್ ಪಟ್ಟಣದಲ್ಲಿದ್ದ ಹತ್ತೂ ಹೋದವು. ಜನ ದುಡ್ಡು ಸೇರಿಸಿ ಮತ್ತೆ ಮಾಡಿಸಿದರು. ನಿಮ್ಮ ಕಲ್ಲು ಕಾಣದಿದ್ದರೆ, ಗೀಚಿದ್ದರೆ, ಬಣ್ಣ ಬಳಿದಿದ್ದರೆ, ಮುಟ್ಟದೆ ಫೋಟೋ ತೆಗೆದು ಮೊದಲು ಪೊಲೀಸರಿಗೆ, ಆಮೇಲೆ ಗುಂಪಿಗೆ ತಿಳಿಸಿ.

ಅಜ್ಜಿ ಈಗ ಮಗನ ಊರಿಗೆ ಹೋಗಿದ್ದಾರೆ. ಬಕೆಟ್ಟು ನಮ್ಮ ಮೆಟ್ಟಿಲ ಕೆಳಗಿದೆ, ಒಳಗೆ ಎರಡು ಸ್ಪಂಜು, ಅರ್ಧ ಟ್ಯೂಬು ಪೇಸ್ಟು, ಅವರ ಹಳೇ ದಿಂಬು. ಬಾಗಿಲ ಮುಂದೆ ಈಗ ಏಳು ಕಲ್ಲು. ಉಳಿದ ನಾಲ್ವರಲ್ಲಿ ಇಬ್ಬರ ಮೊದಲಿನ ಮನೆ ಎರಡು ಬೀದಿ ಆಚೆ ಇದೆ ಅಂತ ಹೋದ ತಿಂಗಳು ಗೊತ್ತಾಯಿತು. ಇನ್ನಿಬ್ಬರದು ಹುಡುಕುತ್ತಿದ್ದೇನೆ.